ಕಬ್ಬಿಣಕ್ಕೆ ಮುಪ್ಪಾಗಿಲ್ಲ, ರಬ್ಬರಿಗೆ ಆಗಿದೆ: ಹಳೇ ಜಪಾನಿ ಕಾರಿನ ಎಂಜಿನ್ ಕಾಯಿಲೆ ಹುಡುಕುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ. 90ರ ದಶಕದ ಕೊನೆಯ ಹೋಂಡಾ ಸಿಟಿಯೊಂದು ಕಲ್ಯಾಣ ಮಂಟಪದ ಮುಂದೆ ಬಿಸಿಲಲ್ಲಿ ಎರಡು ಗಂಟೆ ನಿಂತಿದೆ ಅಂದುಕೊಳ್ಳಿ. ಬೆಳಿಗ್ಗೆ ಅರ್ಧ ಸೆಲ್ಫಿಗೇ ಹತ್ತಿಕೊಂಡಿದ್ದ ಗಾಡಿ ಈಗ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಗಟ್ಟಿಯಾಗಿದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ. ಸುತ್ತ ನಿಂತ ನಾಲ್ಕು ಜನ ಐದು ಸಲಹೆ ಕೊಡುತ್ತಾರೆ. ಸೆಖೆ ತಾಳಲಾರದೆ ಯಾರೋ ಬಾಗಿಲು ತೆರೆದಿಟ್ಟು ಹೋಗುತ್ತಾರೆ. ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲೂ ಸ್ಟಾರ್ಟ್ ಆಗುತ್ತದೆ. "ಪಂಪ್ ವೀಕ್ ಆಗಿರ್ಬೇಕು ಸಾರ್" ಎನ್ನುವ ಊಹೆಯ ಮೇಲೆ ಹೊಸ ಪೆಟ್ರೋಲ್ ಪಂಪ್ ಬೀಳುತ್ತದೆ. ಮುಂದಿನ ಬಿಸಿಲಿಗೆ ಮತ್ತೆ ಅದೇ ಕಥೆ.

ಆ ಕಾಲದ ಹೋಂಡಾಗಳನ್ನು ಇಟ್ಟುಕೊಂಡವರಿಗೆ ಜಗತ್ತಿನ ಯಾವ ಮೂಲೆಯಲ್ಲಾದರೂ ಈ ಲಕ್ಷಣ ಹೇಳಿದರೆ ಸಾಕು, ಮೊದಲ ಉತ್ತರ "ಮೇನ್ ರಿಲೇ ನೋಡಿ" ಎಂದೇ ಬರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿರುವ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಅದು, ಒಳಗೆ ಎರಡು ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚುಗಳು. ಕೀ ತಿರುಗಿಸಿದಾಗ ಮೊದಲನೆಯದು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಕರೆಂಟು ಕೊಡುತ್ತದೆ. ಎಚ್ಚರಗೊಂಡ ಇಸಿಯು ಎರಡನೆಯದನ್ನು ಎಳೆದು ಪಂಪನ್ನು ಎರಡು ಸೆಕೆಂಡು ಓಡಿಸಿ ಲೈನಿನಲ್ಲಿ ಒತ್ತಡ ತುಂಬಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಸೆನ್ಸರಿನಿಂದ ಬಂದರೆ ಮಾತ್ರ ಮತ್ತೆ ಓಡಿಸುತ್ತದೆ. ಆ ರಿಲೇಗಳ ಕಾಲುಗಳು ಒಳಗಿನ ಬೋರ್ಡಿನ ಮೇಲೆ ಸೀಸದ ಬೆಸುಗೆಯಲ್ಲಿ ನಿಂತಿವೆ. ಇಪ್ಪತ್ತೈದು ಬೇಸಿಗೆಗಳ ಕಾವು, ಇಪ್ಪತ್ತೈದು ವರ್ಷಗಳ ರಸ್ತೆ ಗುಂಡಿ. ಕೊನೆಗೊಂದು ದಿನ ಕಾಲಿನ ಸುತ್ತ ಉಂಗುರದ ಹಾಗೆ ಕೂದಲೆಳೆಯ ಬಿರುಕು ಬಿಡುತ್ತದೆ. ತಂಪಿನಲ್ಲಿ ತಾಗಿಕೊಂಡಿರುವ ಬಿರುಕು ಕಾರಿನೊಳಗೆ ಕಾವೇರಿದಾಗ ಬಿಟ್ಟುಕೊಳ್ಳುತ್ತದೆ. ಬಾಗಿಲು ತೆರೆದಿಟ್ಟವರು ತಮಗೆ ಗೊತ್ತಿಲ್ಲದೆಯೇ ಔಷಧಿ ಮಾಡಿದ್ದರು!

ಪತ್ತೆ ಮಾಡಲು ಯಂತ್ರ ಬೇಕಿಲ್ಲ, ಕಿವಿ ಸಾಕು. ಗಾಡಿ ಕೈಕೊಟ್ಟ ಹೊತ್ತಿನಲ್ಲೇ ಸೆಲ್ಫ್ ಹೊಡೆಯದೆ ಕೀಯನ್ನು ಬರೀ ಆನ್ ಮಾಡಿ ಕೂರಿ. ಚೆಕ್ ಎಂಜಿನ್ ದೀಪ ಎರಡು ಸೆಕೆಂಡು ಹತ್ತಿ ಆರಬೇಕು, ಅಷ್ಟೇ ಹೊತ್ತು ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಸದ್ದು ಬರಬೇಕು. ದೀಪ ಹತ್ತಿ ಆರಿತು, ಸದ್ದಿಲ್ಲ: ಪಂಪಿನ ಕಡೆಯ ರಿಲೇ, ವೈರು ಅಥವಾ ಪಂಪು. ದೀಪವೇ ಹತ್ತಲಿಲ್ಲ: ಇಸಿಯುಗೇ ಕರೆಂಟಿಲ್ಲ. ಎರಡೂ ಸರಿಯಿದ್ದರೆ ಪೆಟ್ರೋಲನ್ನು ಬಿಟ್ಟು ಸ್ಪಾರ್ಕ್ ಕಡೆ ಹೋಗಿ, ಯಾಕೆಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಇಗ್ನೈಟರ್ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಸ್ವಿಚ್) ಕೂಡ ಬಿಸಿಗೇ ಸಾಯುವ ಜಾತಿ. ಪಂಪೋ ರಿಲೇಯೋ ಎಂಬ ಅನುಮಾನ ಉಳಿದರೆ ಪಂಪಿನ ಕನೆಕ್ಟರಿನಲ್ಲಿ ಮೀಟರಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ವೋಲ್ಟೇಜ್ ಬಂದರೂ ಪಂಪ್ ಸುಮ್ಮನಿದ್ದರೆ ಪಂಪ್ ಸತ್ತಿದೆ; ವೋಲ್ಟೇಜೇ ಬಾರದಿದ್ದರೆ ಪಂಪಿನ ತಪ್ಪೇನಿಲ್ಲ. ರಿಪೇರಿ ಅಂದರೆ ಡಬ್ಬಿ ಬಿಚ್ಚಿ, ಹಳೆಯ ಬೆಸುಗೆ ತೆಗೆದು, ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕುವುದು. ಟಿವಿ ರಿಪೇರಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುವ ಕೆಲಸ.

ಈ ರಿಲೇಯಿಂದಲೇ ಶುರು ಮಾಡಿದ್ದಕ್ಕೆ ಕಾರಣವಿದೆ. ಹಳೇ ಜಪಾನಿ ಕಾರುಗಳಲ್ಲಿ ಕಬ್ಬಿಣ ಅಷ್ಟು ಬೇಗ ಸಾಯುವುದಿಲ್ಲ. ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಇನ್ನೂ ಗಟ್ಟಿಯಿರುವಾಗಲೇ ಅವುಗಳ ಸುತ್ತಲಿನ ಮೆತ್ತನೆಯ ವಸ್ತುಗಳು ಮುದಿಯಾಗಿರುತ್ತವೆ: ರಬ್ಬರು, ಬೆಸುಗೆ, ಅರ್ಥ್ ವೈರಿನ ತುದಿ. ದೂರು ಮಾತ್ರ ಎಂಜಿನ್ನಿನ ಬಾಯಿಂದ ಬರುತ್ತದೆ. ಹಾಗಾಗಿ "ಎಂಜಿನ್ ಕೆಲಸ ಬಂದಿದೆ" ಎಂಬ ಮಾತು ಕೇಳಿದಾಗ ಮೊದಲು ಮೆತ್ತನೆಯದನ್ನೆಲ್ಲ ಅನುಮಾನಿಸಬೇಕು, ಗಟ್ಟಿಯದನ್ನು ಕೊನೆಗೆ.

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಶಾಕೆನ್ ಎಂಬ ಕಟ್ಟುನಿಟ್ಟಿನ, ದುಬಾರಿ ತಪಾಸಣೆ. ಅದರ ಖರ್ಚಿಗೆ ಹೆದರಿ ಅಲ್ಲಿನವರು ಕಾರನ್ನು ಬೇಗ ಕೈಬಿಡುತ್ತಾರೆ. ಹೀಗಾಗಿ ಜಪಾನಿ ಎಂಜಿನ್ನುಗಳ ನಿಜವಾದ ಮುಪ್ಪನ್ನು ಕಂಡವರು ಹೊರಗಿನವರೇ: ಆಫ್ರಿಕಾದವರು, ಕೊಲ್ಲಿ ದೇಶಗಳವರು, ನಾವು. ನಮ್ಮಲ್ಲಂತೂ 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕೀಲಿ ಕೊಟ್ಟ ಮಾರುತಿ 800, 2014ರ ಜನವರಿಯವರೆಗೆ ತಯಾರಾಗುತ್ತಲೇ ಇತ್ತು. ಅದರ ಸುಜುಕಿ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. 15 ವರ್ಷ ದಾಟಿದ ಮೇಲೂ ಆರ್‌ಟಿಓದಲ್ಲಿ ನವೀಕರಿಸಿಕೊಂಡು ಓಡಿಸುತ್ತಿರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಜೊತೆಗೆ ಝೆನ್, ಎಸ್ಟೀಮ್, ಮೊದಲ ತಲೆಮಾರಿನ ಸಿಟಿ, ಬಿಡದಿಯಲ್ಲಿ ತಯಾರಾದ ಕ್ವಾಲಿಸ್.

ಗಾಳಿ ಎಲ್ಲಿ ಕದಿಯುತ್ತಿದೆ

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಸರಿಯಾದ ಮಿಶ್ರಣ, ಸರಿಯಾದ ಹೊತ್ತಿಗೆ ಕಿಡಿ, ಸಾಕಷ್ಟು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಆ ಮಿಶ್ರಣದ ಮೇಲೆ ಬೀಳುವ ಒತ್ತಡ. ಇದು ಎಲ್ಲರಿಗೂ ಗೊತ್ತು. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ "ಯಾವಾಗ?" ಎಂಬುದು. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲಿಯೋ, ಏರಿನಲ್ಲಿಯೋ? ಮಳೆ ಬಂದಾಗ ಮಾತ್ರವೋ? ಮಳೆಗಾಲದ ಬೆಳಿಗ್ಗೆ ಮಾತ್ರ ಮಿಸ್ ಹೊಡೆಯುವ ಗಾಡಿಗೆ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು ನೋಡಬೇಕು. ರಾತ್ರಿ ಕತ್ತಲಲ್ಲಿ ಎಂಜಿನ್ ಓಡುತ್ತಿರುವಾಗ ಬಾನೆಟ್ ತೆಗೆದು ವೈರುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿ ದೂರ ನಿಂತು ನೋಡಿದರೆ ನೀಲಿ ಕಿಡಿ ಎಲ್ಲಿ ಹಾರುತ್ತಿದೆ ಎಂದು ತಾನೇ ತೋರಿಸುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಈ "ಯಾವಾಗ" ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಐಡಲಿಂಗ್, ಅಂದರೆ ಆಕ್ಸಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ, ಕೆಟ್ಟರೆ ಮಾತ್ರ ಕಥೆ ಸ್ವಲ್ಪ ಉದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುವುದು, ಆಫ್ ಆಗುವುದು, ಇಲ್ಲವೇ ತಾನಾಗಿಯೇ ರೇಸ್ ಏರಿ ಇಳಿದು ಏರಿ ಇಳಿದು ಉಯ್ಯಾಲೆಯಾಡುವುದು. ಇವೆಲ್ಲದರ ಹಿಂದೆ ಬಹುಪಾಲು ಒಂದೇ ಕಳ್ಳ ಇರುತ್ತಾನೆ: ಒಡೆದ ವ್ಯಾಕ್ಯೂಮ್ ಹೋಸು. ಎಂಜಿನ್ ಅಂದರೆ ಒಂದು ದೊಡ್ಡ ಗಾಳಿ ಹೀರುವ ಪಂಪು. ಥ್ರಾಟಲ್ (ಆಕ್ಸಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಚ್ಚಿರುವಾಗ ಮ್ಯಾನಿಫೋಲ್ಡಿನೊಳಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯೊಳಗೆ, ಜೋರಾದ ಸೆಳೆತವಿರುತ್ತದೆ. ಬ್ರೇಕ್ ಬೂಸ್ಟರಿಗೆ, ಕಿಡಿಯ ಹೊತ್ತನ್ನು ಹೊಂದಿಸುವ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸಿಗೆ, ಎಂಜಿನ್ನಿನೊಳಗಿನ ಆವಿಯನ್ನು ವಾಪಸ್ ಎಳೆಯುವ ಪಿಸಿವಿ ವಾಲ್ವಿಗೆ ಹೋಗುವ ರಬ್ಬರ್ ಪೈಪುಗಳೆಲ್ಲ ಆ ಸೆಳೆತಕ್ಕೆ ಸಿಕ್ಕಿಕೊಂಡಿವೆ. ಒಂದು ಪೈಪು ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ.

ಇದರ ಪರಿಣಾಮ ಎಲ್ಲ ಗಾಡಿಗಳಲ್ಲೂ ಒಂದೇ ಅಲ್ಲ. ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ 800ರಲ್ಲಿ ಹೆಚ್ಚುವರಿ ಗಾಳಿಗೆ ತಕ್ಕ ಪೆಟ್ರೋಲ್ ಬರುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದರೆ ಸುಧಾರಿಸುತ್ತದೆ. ಚೋಕ್ ಎಳೆದಾಗ ಸುಧಾರಿಸಿತು ಎಂಬುದೇ ಒಂದು ಸಾಕ್ಷಿ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಹಳೇ ಟೊಯೋಟಾ ಇಂಜೆಕ್ಷನ್ನುಗಳಲ್ಲೂ (ಇಸಿಯು ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಹೀಗೆಯೇ. ಆದರೆ ಹೋಂಡಾ ಮತ್ತು ಸುಜುಕಿ ಇಂಜೆಕ್ಷನ್ ಎಂಜಿನ್ನುಗಳು ಗಾಳಿಯನ್ನು ಅಳೆಯುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಗಾಳಿಯನ್ನು ಲೆಕ್ಕ ಹಾಕುತ್ತವೆ. ಕದ್ದು ಬಂದ ಗಾಳಿಯೂ ಒತ್ತಡ ಏರಿಸುವುದರಿಂದ ಇಸಿಯು ಪಾಪ ಅದಕ್ಕೂ ಪೆಟ್ರೋಲ್ ಬಡಿಸುತ್ತದೆ, ಐಡಲ್ ಏರುತ್ತದೆ. ಏರುತ್ತ ಒಂದು ಮಿತಿ ದಾಟಿದಾಗ ಇಸಿಯುಗೆ ಬೇರೆಯೇ ಯೋಚನೆ ಬರುತ್ತದೆ: "ಥ್ರಾಟಲ್ ಮುಚ್ಚಿದೆ, ಎಂಜಿನ್ ಜೋರಾಗಿ ತಿರುಗುತ್ತಿದೆ, ಅಂದರೆ ಗಾಡಿ ಇಳಿಜಾರಿನಲ್ಲಿದೆ, ಪೆಟ್ರೋಲ್ ನಿಲ್ಲಿಸೋಣ." ನಿಲ್ಲಿಸುತ್ತದೆ. ರೇಸ್ ಧಡಕ್ಕನೆ ಬೀಳುತ್ತದೆ. ಮತ್ತೆ ಕೊಡುತ್ತದೆ, ಮತ್ತೆ ಏರುತ್ತದೆ. ಆ ಉಯ್ಯಾಲೆ ಹುಟ್ಟುವುದು ಹೀಗೆ. ಸೆನ್ಸರ್ ಹಾಳಾಗಿರುವುದಿಲ್ಲ, ಇಸಿಯು ಹಾಳಾಗಿರುವುದಿಲ್ಲ. ಇಬ್ಬರೂ ತಮಗೆ ಕಂಡ ಸತ್ಯವನ್ನೇ ಹೇಳುತ್ತಿರುತ್ತಾರೆ. ಹೋಂಡಾದಲ್ಲಿ ರೇಡಿಯೇಟರ್ ನೀರು ಕಡಿಮೆಯಾಗಿ ಐಡಲ್ ವಾಲ್ವಿನ ಹತ್ತಿರ ಗಾಳಿಗುಳ್ಳೆ ಸಿಕ್ಕಿಕೊಂಡರೂ ಇದೇ ಉಯ್ಯಾಲೆ. ಅದಕ್ಕೇ ಮೊದಲು ನೀರು ನೋಡಿ, ಬ್ಲೀಡ್ ಬೋಲ್ಟ್ ಸಡಿಲಿಸಿ ಗಾಳಿ ಬಿಡಿ, ಆಮೇಲೆ ಹೋಸುಗಳಿಗೆ ಕೈಹಾಕಿ.

ನಮ್ಮ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಗಾಳಿ ಹುಡುಕುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೈಯಲ್ಲಿ ಮೂರಡಿ ಉದ್ದದ ಹಳೇ ಪೆಟ್ರೋಲ್ ಪೈಪು, ಅಷ್ಟೇ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡಿನ ಸುತ್ತ. ಎಂಜಿನ್ ಗಡಗಡ ಎನ್ನುತ್ತಿದೆ, ಅವರು ಕಣ್ಣು ಮುಚ್ಚಿಕೊಂಡಿದ್ದಾರೆ. ಪೈಪಿನ ತುದಿ ಕಾರ್ಬೊರೇಟರಿನ ಬುಡಕ್ಕೆ ಬಂದು ಮುಂದೆ ಹೋಯಿತು, ವಾಪಸ್ ಬಂತು, ನಿಂತಿತು. "ಲೇ ಮರಿ, ನೀರಿನ ಬಾಟ್ಲು ಕೊಡು" ಅಂದರು. ಹುಡುಗ ಕೊಟ್ಟ ಸ್ಪ್ರೇ ಬಾಟಲಿಯಿಂದ ಆ ಜಾಗಕ್ಕೆ ಎರಡು ಸಲ ಚಿಮುಕಿಸಿದರು. ನಡುಗುತ್ತಿದ್ದ ಎಂಜಿನ್ ಒಂದು ಕ್ಷಣ ಸಮವಾಗಿ ಓಡಿ ಮತ್ತೆ ನಡುಗಿತು. ನೀರು ಬಿರುಕನ್ನು ಮುಚ್ಚಿದಷ್ಟು ಹೊತ್ತು ಮಾತ್ರ ಎಂಜಿನ್ ಆರೋಗ್ಯವಂತ. "ಕಾರ್ಬೊರೇಟರ್ ಏನೂ ಆಗಿಲ್ಲ ಸಾರ್, ಕೆಳಗಡೆ ಏರ್ ಎಳೀತಿದೆ" ಎಂದು ಒಂದು ಬಳಕೆಯಿಲ್ಲದ ನಳಿಗೆಯ ರಬ್ಬರ್ ಟೋಪಿಯನ್ನು ಚಿಟಿಕೆಯಲ್ಲಿ ಎಳೆದು ತೋರಿಸಿದರು. ಹಳೇ ಚಕ್ಕುಲಿಯ ಹಾಗೆ ಮುರಿದು ಪುಡಿಯಾಯಿತು. ಹಿಂದಿನ ಎರಡು ಕಡೆ ಆ ಗಾಡಿಯ ಕಾರ್ಬೊರೇಟರ್ ಬಿಚ್ಚಿ ತೊಳೆದಾಗಿತ್ತಂತೆ.

ಕೆಲವರು ನೀರಿನ ಬದಲು ಕಾರ್ಬ್ ಕ್ಲೀನರನ್ನೋ ಪೆಟ್ರೋಲನ್ನೋ ಚಿಮುಕಿಸಿ ರೇಸ್ ಏರುತ್ತದೆಯೇ ಎಂದು ನೋಡುತ್ತಾರೆ. ಉತ್ತರ ಬೇಗ ಸಿಗುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಸೈಲೆನ್ಸರ್ ಪೈಪು ಕಾದಿರುವ ಎಂಜಿನ್ನಿನ ಮೇಲೆ ಅದು ಬೇಡ.

ಮ್ಯಾನಿಫೋಲ್ಡಿನ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಆರೋಗ್ಯವಂತ ಎಂಜಿನ್ ಐಡಲಿನಲ್ಲಿ 18ರಿಂದ 21 ಇಂಚು (ಪಾದರಸದ ಅಳತೆ) ತೋರಿಸಬೇಕು ಎಂದು ವಿದೇಶಿ ವಿಡಿಯೋಗಳು ಹೇಳುವುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಇಳಿಯುತ್ತದೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 20 ತೋರಿಸಿದ ಗಾಡಿ ಶಿರಾಡಿ ಹತ್ತಿ ಬೆಂಗಳೂರಿಗೆ ಬಂದರೆ 17 ತೋರಿಸುತ್ತದೆ, ಅದು ಕಾಯಿಲೆ ಅಲ್ಲ. ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ. ಮುಳ್ಳು ಸ್ಥಿರವಾಗಿ ಕೆಳಗಿದ್ದರೆ ಗಾಳಿ ಸೋರಿಕೆ ಅಥವಾ ಟೈಮಿಂಗ್, ಅಂದರೆ ಕಿಡಿಯ ಹೊತ್ತು, ಹಿಂದೆ ಬಿದ್ದಿರುವುದು. ತಾಳ ಹಾಕಿದಂತೆ ಒಂದೇ ಲಯದಲ್ಲಿ ಪಟಪಟನೆ ಬೀಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ರಬ್ಬರಿಗೆ ಈಗ ಹೊಸ ಶತ್ರುವೂ ಹುಟ್ಟಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಬೆರೆತಿರುತ್ತದೆ. ಹಳೆಯ ಹೋಸು, ಡಯಾಫ್ರಾಮ್, ಗ್ಯಾಸ್ಕೆಟ್ಟುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಎಥನಾಲಿನೊಳಗೆ ಆಮ್ಲಜನಕವೂ ಇರುವುದರಿಂದ ಕಾರ್ಬೊರೇಟರ್ ಗಾಡಿಯ ಮಿಶ್ರಣ ಮೊದಲಿಗಿಂತ ತೆಳುವಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿಯಲ್ಲಿ ನೀರು ಹೀರಿಕೊಂಡು ತಳದಲ್ಲಿ ಬೇರೆಯಾಗುವುದೂ ಉಂಟು. ಹಳೇ ಗಾಡಿ ಇಟ್ಟುಕೊಳ್ಳುವ ಆಸೆಯಿದ್ದರೆ ಪೆಟ್ರೋಲ್ ಹೋಸುಗಳನ್ನೆಲ್ಲ ಒಮ್ಮೆ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿಬಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತದೆ; ಪೈಪಿನ ಮೇಲಿನ ಅಚ್ಚು ಓದಿ ತನ್ನಿ, ಅಂಗಡಿಯವರ ಮಾತು ನಂಬಿ ತರಬೇಡಿ.

ನೀಲಿ ಹೊಗೆ ಬಂದ ತಕ್ಷಣ "ರಿಂಗ್ ಹೋಗಿದೆ, ಬೋರ್ ಮಾಡಿಸ್ಬೇಕು" (ಪಿಸ್ಟನ್ನಿನ ರಿಂಗ್ ಸವೆದಿದೆ, ಸಿಲಿಂಡರ್ ಕೊರೆಸಬೇಕು) ಎನ್ನುವ ತೀರ್ಪಿನಲ್ಲೂ ಎಷ್ಟೋ ಸಲ ಶಿಕ್ಷೆಯಾಗುವುದು ನಿರಪರಾಧಿಗೆ. ವಾಲ್ವಿನ ಕಾಂಡಕ್ಕೆ ತೊಡಿಸಿದ ರಬ್ಬರ್ ಸೀಲ್ ಕಲ್ಲಿನಂತಾದರೆ ಆಯಿಲ್ ಅಲ್ಲಿಂದಲೂ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಚಾರ್ಮಾಡಿಯಂಥ ಘಾಟಿ ಸಾಕು. ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯುವಾಗ ಥ್ರಾಟಲ್ ಮುಚ್ಚಿದ್ದು ಸೆಳೆತ ಅತಿ ಹೆಚ್ಚು. ಆಗ ಸೀಲಿನ ಸಂದಿನಿಂದ ಆಯಿಲ್ ಒಳಕ್ಕೆ ಎಳೆದುಕೊಂಡು, ತಿರುವು ಮುಗಿದು ಆಕ್ಸಲರೇಟರ್ ಒತ್ತಿದ ಕೂಡಲೇ ಹಿಂದಿನವರಿಗೆ ನೀಲಿ ಹೊಗೆಯ ಮೋಡ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಒಂದು ಬುಸ್ಸೆಂದು ಬಂದು ನಿಂತರೂ ಸೀಲೇ. ಘಾಟಿ ಹತ್ತುವಾಗ, ಭಾರ ಬಿದ್ದಾಗ, ಉದ್ದಕ್ಕೂ ಹೊಗೆ ಬರುತ್ತಿದ್ದರೆ ರಿಂಗಿನ ಮೇಲೆ ಅನುಮಾನ ಪಡಬಹುದು. ಸೀಲಿಗೆ ಬ್ಲಾಕ್ ಬಿಚ್ಚಬೇಕಾಗಿಲ್ಲ. ಎರಡೂ ಕೆಲಸಗಳ ಬಿಲ್ಲಿಗೆ ಹೋಲಿಕೆಯೇ ಇಲ್ಲ.

ಕ್ರ್ಯಾಂಕಿನ ತಿರುಗಾಟಕ್ಕೆ ತಕ್ಕಂತೆ ವಾಲ್ವುಗಳನ್ನು ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಕೂಡ ರಬ್ಬರೇ. "ಅಜ್ಜ ಓಡಿಸಿದ್ದು, ಬರೀ 48,000 ಕಿಲೋಮೀಟರ್" ಎಂದು ಹೆಮ್ಮೆಯಿಂದ ಕೊಂಡ ಗಾಡಿಯಲ್ಲಿ ಬೆಲ್ಟಿಗೆ ಇಪ್ಪತ್ತು ವರ್ಷವಾಗಿರುತ್ತದೆ, ಅದು ಮೀಟರ್ ನೋಡುವುದಿಲ್ಲ. ಆ ಕಾಲದ ಹೋಂಡಾ ಸಿಟಿಯ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಇನ್ನೊಂದು ವಿಚಿತ್ರ: ಈ ಎಂಜಿನ್ ಬೇರೆ ಕಾರುಗಳ ಹಾಗಲ್ಲದೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಿಚ್ಚಲು ಉದ್ದದ ಹಿಡಿಯನ್ನು ಚಾಸಿಗೆ ಆನಿಸಿ ಸೆಲ್ಫ್ ಹೊಡೆಯುವ ಗ್ಯಾರೇಜ್ ಉಪಾಯ ಇಲ್ಲಿ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೆಲ್ಟ್ ಹಾಕಿದ ಮೇಲೆ ಕೈಯಿಂದ ತಿರುಗಿಸಿ ಗುರುತು ನೋಡುವುದೂ ಅದರ ದಿಕ್ಕಿನಲ್ಲೇ ಆಗಬೇಕು.

ಅರ್ಥ್, ಮಿನುಗುವ ದೀಪ, ಕಾಣೆಯಾದ ಥರ್ಮೋಸ್ಟಾಟ್

ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ, ಕಾರಿನ ಬಾಡಿಗೆ ಹೋಗುವ ದಪ್ಪ ಅರ್ಥ್ ಕೇಬಲ್ಲನ್ನು ಯಾರೂ ಅನುಮಾನಿಸುವುದಿಲ್ಲ. ಅದರ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದರೆ ಸ್ಟಾರ್ಟರಿನ ನೂರಾರು ಆಂಪಿಯರ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ, ಕ್ಲಚ್ ಕೇಬಲ್ ಅಥವಾ ಆಕ್ಸಲರೇಟರ್ ಕೇಬಲ್ಲಿನ ಮೂಲಕ. ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತಿದ್ದರೆ, ಪದೇ ಪದೇ ಕೇಬಲ್ ಬಿಗಿಯಾಗಿ ಹಿಡಿಯುತ್ತಿದ್ದರೆ ಕಾರಣ ಇದೇ ಇರಬಹುದು. ಪರೀಕ್ಷೆ ಅರ್ಧ ನಿಮಿಷದ್ದು: ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ, ಸೆಲ್ಫ್ ಹೊಡೆಯಿರಿ. 0.2, 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ. ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ. ಸೆನ್ಸರುಗಳೂ ಇದೇ ಅರ್ಥನ್ನು ನಂಬಿಕೊಂಡಿರುವುದರಿಂದ ಅದು ಕೆಟ್ಟಾಗ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ದೂರುಗಳು ಒಟ್ಟಿಗೆ ಏಳುತ್ತವೆ.

ಹಳೇ ಇಂಜೆಕ್ಷನ್ ಕಾರುಗಳಿಗೆ ಮೊಬೈಲ್ ಜೊತೆ ಕೆಲಸ ಮಾಡುವ ಈಗಿನ ಬ್ಲೂಟೂತ್ ಸ್ಕ್ಯಾನರ್ ಹಿಡಿಸುವುದಿಲ್ಲ. ಆದರೆ ಅವು ಮೂಕವೇನಲ್ಲ, ದೀಪ ಮಿನುಗಿಸಿ ಮಾತಾಡುತ್ತವೆ. 90ರ ದಶಕದ ಹೋಂಡಾದಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿರುವ ಎರಡು ಪಿನ್ನಿನ ಖಾಲಿ ಕನೆಕ್ಟರನ್ನು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಮಿನುಗತೊಡಗುತ್ತದೆ. ಉದ್ದ ಮಿಂಚು ಹತ್ತರ ಲೆಕ್ಕ, ಗಿಡ್ಡ ಮಿಂಚು ಒಂದರ ಲೆಕ್ಕ. ಒಂದು ಉದ್ದ ನಾಲ್ಕು ಗಿಡ್ಡ ಬಂದರೆ 14, ಐಡಲ್ ವಾಲ್ವಿನ ದೂರು. ಆರು ಗಿಡ್ಡ ಬಂದರೆ ನೀರಿನ ಶಾಖದ ಸೆನ್ಸರ್. ಟೊಯೋಟಾದಲ್ಲಿ ಬಾನೆಟ್ಟಿನ ಕೆಳಗಿನ ಡಯಾಗ್ನಾಸಿಸ್ ಡಬ್ಬಿಯೊಳಗೆ ಟಿಇ1 ಮತ್ತು ಇ1 ಎಂಬ ತೂತುಗಳನ್ನು ಸೇರಿಸಬೇಕು. ದೀಪ ಬಿಡದೆ ಒಂದೇ ಸಮ ಮಿನುಗಿದರೆ ದೂರಿಲ್ಲ, ಎರಡು ಮಿಂಚು, ಬಿಡುವು, ಮತ್ತೆರಡು ಬಂದರೆ 22, ಅದೂ ಶಾಖದ ಸೆನ್ಸರೇ. ಸುಜುಕಿಯಲ್ಲಿ 12 ಬಂದರೆ ಎಲ್ಲ ಸರಿ ಎಂದರ್ಥ, ಅದನ್ನು ದೋಷವೆಂದು ಓದಿ ಹೆದರಬೇಡಿ. ದುಬೈ, ಕುವೈತಿನಲ್ಲಿ ಹಳೇ ಕೊರೊಲ್ಲಾ ಓಡಿಸಿದ ಕರಾವಳಿಯ ಎಷ್ಟೋ ಜನರಿಗೆ ಈ ತುಂಡು ವೈರಿನ ವಿದ್ಯೆ ಅಲ್ಲೇ ಅಭ್ಯಾಸವಾಗಿರುತ್ತದೆ.

ಕೋಡ್ ಬಂದ ಕೂಡಲೇ ಸೆನ್ಸರ್ ಕೊಳ್ಳಲು ಓಡುವುದೇ ಇಲ್ಲಿನ ದೊಡ್ಡ ತಪ್ಪು. ಕೋಡ್ ಹೇಳುವುದು "ಈ ಸರ್ಕೀಟಿನಿಂದ ನನಗೆ ನಂಬಲಾಗದ ವೋಲ್ಟೇಜ್ ಬರುತ್ತಿದೆ" ಎಂದಷ್ಟೇ. ವೈರು ಇಲಿ ಕಡಿದಿರಬಹುದು, ಪಿನ್ನಿಗೆ ಕಿಲುಬು ಹಿಡಿದಿರಬಹುದು. ಶಾಖದ ಸೆನ್ಸರನ್ನೇ ನೋಡಿ. ಅದು ಬಿಸಿಯಾದಂತೆ ಪ್ರತಿರೋಧ ಕಡಿಮೆಯಾಗುವ ಪುಟ್ಟ ರೆಸಿಸ್ಟರು: 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು. ವೈರು ತುಂಡಾದರೆ ಪ್ರತಿರೋಧ ಅಪಾರವಾಗಿ, ಇಸಿಯುಗೆ ಎಂಜಿನ್ ಹಿಮದಲ್ಲಿ ಹೂತಿರುವಂತೆ ತೋರುತ್ತದೆ. ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಮೈಲೇಜ್ ನೆಲಕಚ್ಚಿತು. "ಟೆಂಪರೇಚರ್ ಮುಳ್ಳು ಸರಿಯಾಗೇ ಇದೆಯಲ್ಲ" ಎಂದು ವಾದಿಸಬೇಡಿ. ಮುಳ್ಳಿಗೆ ಒಂದು ವೈರಿನ ಸೆನ್ಸರ್ ಬೇರೆ, ಇಸಿಯುಗೆ ಎರಡು ವೈರಿನ ಸೆನ್ಸರ್ ಬೇರೆ ಇರುವುದು ಈ ಗಾಡಿಗಳಲ್ಲಿ ಸಾಮಾನ್ಯ. ಅಡುಗೆಮನೆಯ ಬಿಸಿನೀರಿನ ಪಾತ್ರೆ, ಥರ್ಮಾಮೀಟರ್, ಮಲ್ಟಿಮೀಟರ್ ಇದ್ದರೆ ಸೆನ್ಸರನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಸೆನ್ಸರ್ ಸರಿಯಿದ್ದೂ ಇದೇ ದೂರು ಬರುವ ನಮ್ಮ ದೇಶದ್ದೇ ಆದ ಕಾರಣ ಇನ್ನೊಂದಿದೆ. "ಬಿಸಿ ಊರಿಗೆ ಯಾಕೆ ಬೇಕು ಸಾರ್" ಎಂದು, ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ. ಅಂಬಾಸಿಡರ್ ಕಾಲದಿಂದ ಬಂದ ಈ ಅಭ್ಯಾಸ ಇಂಜೆಕ್ಷನ್ ಗಾಡಿಗೆ ಶಾಪ. ನೀರು ಸದಾ ರೇಡಿಯೇಟರಿನಲ್ಲೇ ಸುತ್ತಿ ಎಂಜಿನ್ 80 ಡಿಗ್ರಿ ತಲುಪುವುದೇ ಇಲ್ಲ. ಇಸಿಯು ಚೋಕ್ ಎಳೆದ ಸ್ಥಿತಿಯಲ್ಲೇ ದಿನವಿಡೀ ಓಡಿಸುತ್ತದೆ. ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಕೆಳಗಿಳಿಯುತ್ತಿದ್ದರೆ ಕವರ್ ಬಿಚ್ಚಿ ಥರ್ಮೋಸ್ಟಾಟ್ ಒಳಗಿದೆಯೇ ನೋಡಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸಕ್ಕೂ ಇದೇ ಮಾತು. ಗೀಸರಿನಲ್ಲಿ ಕಟ್ಟುವ ಬಿಳಿ ಗಾರೆಯೇ ಎಂಜಿನ್ನಿನೊಳಗೂ ಕಟ್ಟುತ್ತದೆ.

ಕ್ವಾಲಿಸಿನಂಥ ಹಳೇ ಡೀಸೆಲ್ಲಿಗೆ ಕಿಡಿಯ ತಲೆನೋವಿಲ್ಲ. ಬೆಳಿಗ್ಗೆ ಉದ್ದಕ್ಕೆ ಸೆಲ್ಫ್ ಹೊಡೆದರೆ ಬಿಳಿ ಹೊಗೆಯೊಂದಿಗೆ ಕುಂಟುತ್ತ ಸ್ಟಾರ್ಟ್ ಆಗುತ್ತಿದ್ದರೆ ಹೀಟರ್ ಪ್ಲಗ್ ನೋಡಿ. ಅವು ಸರಿಯಿದ್ದರೆ ಮತ್ತೆ ರಬ್ಬರು: ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿರುವುದು ಸೆಳೆತ, ಒತ್ತಡ ಅಲ್ಲ. ಹಾಗಾಗಿ ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತದೆ. ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದಾಗ ಸರಾಗವಾಗಿ ಸ್ಟಾರ್ಟ್ ಆದರೆ ಗಾಳಿಯೇ ಅಪರಾಧಿ.

ಕೊನೆಗೆ ಕಬ್ಬಿಣ

ಇಷ್ಟೆಲ್ಲ ನೋಡಿಯೂ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದರೆ ಕಬ್ಬಿಣದ ಸರದಿ. ಅಲ್ಲೂ ಮೊದಲು ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಭಾಗ. ಈ ಎಂಜಿನ್ನುಗಳಲ್ಲಿ ಅನೇಕವಕ್ಕೆ ವಾಲ್ವಿನ ಸಂದನ್ನು ಸ್ಕ್ರೂ ತಿರುಗಿಸಿ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಹೊಂದಿಸಬೇಕು. ಆ ಕಾಲದ ಹೋಂಡಾಗಳಲ್ಲಿ ತಣ್ಣಗಿರುವಾಗ ಇನ್‌ಟೇಕಿಗೆ ಸುಮಾರು 0.2 ಮಿಲಿಮೀಟರ್, ಎಕ್ಸಾಸ್ಟಿಗೆ 0.25. ಟಕಟಕ ಎನ್ನುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ಮೌನವಾದದ್ದಕ್ಕೆ. ಸಂದು ತೀರಾ ಕಡಿಮೆಯಾದ ಎಕ್ಸಾಸ್ಟ್ ವಾಲ್ವ್ ಸದ್ದು ಮಾಡದೆ, ಪೂರ್ತಿ ಮುಚ್ಚದೆ, ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಅಂಚು ಸುಟ್ಟುಕೊಳ್ಳುತ್ತದೆ. ಎಲ್‌ಪಿಜಿ ಕಿಟ್ ಹಾಕಿದ ಓಮ್ನಿಗಳಲ್ಲಿ ವಾಲ್ವ್ ಸೀಟ್ ಸವೆದು ಸಂದು ತಾನೇ ಕಡಿಮೆಯಾಗುತ್ತ ಹೋಗುವುದರಿಂದ ಅವಕ್ಕೆ ಇದು ಮೇಲಿಂದ ಮೇಲೆ ಬೇಕು.

ಆಮೇಲೆ ಕಂಪ್ರೆಶನ್ ಗೇಜ್. ಎಂಜಿನ್ ಬಿಸಿಯಿರಲಿ, ಎಲ್ಲ ಪ್ಲಗ್ ಬಿಚ್ಚಿ, ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ಕಡಿತ ಮಾಡಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆಕ್ಸಲರೇಟರ್ ಒತ್ತದೆ ಅಳೆದು ಒಳ್ಳೆಯ ಎಂಜಿನ್ನಿಗೆ ಮರಣಪತ್ರ ಬರೆದವರಿದ್ದಾರೆ. ಅಂಕಿ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ. ಗಾಳಿ ತೆಳುವಾಗಿರುವ ಬೆಂಗಳೂರಿನಲ್ಲಿ ಇದೂ ಶೇ. 10ರಷ್ಟು ಕಡಿಮೆಯೇ ಬರುತ್ತದೆ: ಕರಾವಳಿಯಲ್ಲಿ 170 ತೋರಿಸುವ ಎಂಜಿನ್ ಇಲ್ಲಿ 150ರ ಹತ್ತಿರ. ಸಿಲಿಂಡರ್ ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚಿರಬಾರದು, ಅದು ಮುಖ್ಯ.

ಅದೇ ಮೇಸ್ತ್ರಿ ಒಂದು ನಾಲ್ಕು ಸಿಲಿಂಡರಿನ ಗಾಡಿಯ ಲೆಕ್ಕವನ್ನು ಏರ್ ಫಿಲ್ಟರ್ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದರು: 155, 150, 95, 90. ಮಾಲೀಕರ ಮುಖ ಬಾಡಿತು. ಮೇಸ್ತ್ರಿ ಮೂರು ಮತ್ತು ನಾಲ್ಕನೆಯ ಪ್ಲಗ್ ತೂತುಗಳಿಗೆ ಚಹಾದ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದರು. ಆಯಿಲ್ ರಿಂಗಿನ ಸುತ್ತ ಹರಡಿ ಸಂದು ಮುಚ್ಚುತ್ತದೆ, ರಿಂಗ್ ಸವೆದಿದ್ದರೆ ಅಂಕಿ ಜಿಗಿಯಬೇಕು. 100, 95. ಜಿಗಿಯಲಿಲ್ಲ. ಪಕ್ಕಪಕ್ಕದ ಎರಡು ಮಾತ್ರ ಕಡಿಮೆ, ಆಯಿಲಿಗೆ ಅಲುಗಾಟವಿಲ್ಲ: ಎರಡರ ನಡುವೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಸುಟ್ಟು, ಒಂದರ ಗಾಳಿ ಇನ್ನೊಂದಕ್ಕೆ ಹೋಗುತ್ತಿದೆ. ಮೇಸ್ತ್ರಿ ಸುಣ್ಣದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹೇಳಿದರು, "ಹೆಡ್ ಇಳ್ಸಿ ಫೇಸಿಂಗ್ ಮಾಡ್ಸಿ, ಹೊಸ ಗ್ಯಾಸ್ಕೆಟ್ ಹಾಕೋಣ ಸಾರ್. ವಾಲ್ವ್ ಸೀಲೂ ಅಲ್ಲೇ ಕೈಗೆ ಸಿಗ್ತವೆ, ಬದ್ಲಾಯ್ಸಿಬಿಡೋಣ. ಬ್ಲಾಕ್ ಮುಟ್ಟೋದು ಬೇಡ."